ಓದುಗರ ಪ್ರಶ್ನೆ, ಡಾಕ್ಟ್ರ ಉತ್ತರ: ಹೊಟ್ಟೆ ಉರಿಯೋ ಕುದುರೆಗೆ ಮೊಂಡು ಅನ್ನೋ ಹೆಸರು ಬೇಡ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಪರ್ಧೆಗೆ ಹೋಗೋ ಕುದುರೆಗಳ ಹೊಟ್ಟೆ ಹುಣ್ಣಿನ ಬಗ್ಗೇನೇ ಇದ್ವು, ಅದಕ್ಕೆ ಉಳಿದಿದ್ದನ್ನ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದೊಂದೇ ವಿಷಯ ತಗೊಂಡಿದೀನಿ. ಒಂದೇ ಥರದ ಪತ್ರಗಳನ್ನ ಸೇರಿಸಿ ಒಂದು ಮಾಡಿದೀನಿ, ಹೆಸರು ಯಾರದ್ದೂ ಹಾಕಿಲ್ಲ.

ಡಾಕ್ಟ್ರೇ ನಮಸ್ಕಾರ. ನನ್ನ ಮಗಳು ಶೋ ಜಂಪಿಂಗ್ ಮಾಡ್ತಾಳೆ, ಅವಳ ಹೆಣ್ಣು ಕುದುರೆಗೆ ಒಂಬತ್ತು ವರ್ಷ. ಎರಡು ತಿಂಗಳಿಂದ ಸ್ಯಾಡಲ್ ಹಾಕಿ ಹೊಟ್ಟೆ ಪಟ್ಟಿ ಬಿಗಿಯೋಕೆ ಹೋದ್ರೆ ಕಿವಿ ಹಿಂದಕ್ಕೆ ಮಲಗಿಸಿ ಕಚ್ಚೋಕೆ ಬರತ್ತೆ, ದಾಣಿ ಅರ್ಧ ಬಿಟ್ಟುಬಿಡತ್ತೆ ಆದ್ರೆ ಒಣಹುಲ್ಲು ತಿನ್ನತ್ತೆ, ಮೈ ಸ್ವಲ್ಪ ಇಳಿದಿದೆ, ಜಂಪ್ ಹತ್ರ ಹೋಗಿ ನಿಂತುಬಿಡತ್ತೆ. ಕೋಚ್ ಇದು ಮೊಂಡುತನ, ಬಿಗಿಯಾಗಿ ಇಟ್ಕೋಬೇಕು ಅಂತಾರೆ. ಮಗಳು ದಿನಾ ಅಳ್ತಾಳೆ. ಏನು ಮಾಡ್ಲಿ?

ಮೊದಲು ಮಗಳಿಗೆ ಹೇಳಿ, ಅವಳಿಗೆ ಅನ್ನಿಸ್ತಿರೋದು ಸರಿ ಇದೆ, ಕುದುರೆಗೆ ಏನೋ ತೊಂದರೆ ಇದೆ. ಒಂಬತ್ತು ವರ್ಷದ ಕುದುರೆ, ಇಷ್ಟು ದಿನ ಚೆನ್ನಾಗಿ ಹಾರ್ತಾ ಇದ್ದದ್ದು, ಎರಡೇ ತಿಂಗಳಲ್ಲಿ ಸ್ವಭಾವ ಬದಲಾಯಿಸ್ತು ಅಂದ್ರೆ ನಾನು ಅದನ್ನ ಸ್ವಭಾವ ಅಂತ ಕರೆಯಲ್ಲ, ನೋವು ಇದೆಯಾ ಅಂತ ಹುಡುಕ್ತೀನಿ. ನೀವು ಬರೆದಿರೋದ್ರಲ್ಲಿ ನನ್ನ ಕಣ್ಣು ನಿಂತಿದ್ದು ಒಂದು ಮಾತಿನ ಮೇಲೆ: ದಾಣಿ ಬಿಡತ್ತೆ, ಹುಲ್ಲು ತಿನ್ನತ್ತೆ. ಹಸಿವಿಲ್ಲದ ಕುದುರೆ ಎರಡನ್ನೂ ಬಿಡತ್ತೆ, ಹಲ್ಲು ನೋವಿರೋ ಕುದುರೆ ಸಾಮಾನ್ಯವಾಗಿ ಹುಲ್ಲು ಅಗಿಯೋಕೇ ಕಷ್ಟಪಡತ್ತೆ, ಆದ್ರೆ ದಾಣಿ ಮಾತ್ರ ಬಿಟ್ಟು ಹುಲ್ಲಿಗೆ ಹೋಗತ್ತೆ ಅಂದ್ರೆ ಜಠರದಲ್ಲಿ ಹುಣ್ಣು ಇರಬಹುದು ಅನ್ನೋ ಅನುಮಾನ ನನಗೆ ಬಲವಾಗಿ ಬರತ್ತೆ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಇದು ಅರ್ಥ ಆದ್ರೆ ಕೆಳಗಿನ ಎಲ್ಲಾ ಉತ್ತರಗಳೂ ಅರ್ಥ ಆಗತ್ತೆ. ಕುದುರೆ ದೇಹ 500 ಕೆಜಿ ಇರಬಹುದು, ಆದ್ರೆ ಅದರ ಜಠರ ತುಂಬಾ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ಬಯಲಲ್ಲಿ ಬಿಟ್ರೆ ಕುದುರೆ ದಿನಕ್ಕೆ ಹದಿನಾರು ಗಂಟೆ ತನಕ ಚೂರುಚೂರೇ ಮೇಯ್ತಾ ಇರತ್ತೆ, ಅದಕ್ಕೆ ತಕ್ಕ ಹಾಗೆ ಅದರ ಜಠರ ಇಪ್ಪತ್ತನಾಲ್ಕು ಗಂಟೆಯೂ ಆಸಿಡ್ ಸುರಿಸ್ತಾನೇ ಇರತ್ತೆ, ತಿಂದ್ರೂ ಸರಿ ತಿನ್ನದೇ ಇದ್ರೂ ಸರಿ. ನಮಗೆ ಊಟ ನೋಡಿದ್ರೆ ಬಾಯಲ್ಲಿ ನೀರು ಬರತ್ತಲ್ಲ, ಕುದುರೆಗೆ ಹಾಗಲ್ಲ, ಅಗಿದ್ರೆ ಮಾತ್ರ ಜೊಲ್ಲು ಬರೋದು. ಆ ಜೊಲ್ಲಲ್ಲಿ ಬೈಕಾರ್ಬನೇಟ್ ಇದೆ, ಅದೇ ಆಸಿಡ್ ಹೊಡೆತ ತಗ್ಗಿಸೋದು. ಅಂದ್ರೆ ಅಗಿಯೋದು ನಿಂತ ತಕ್ಷಣ ರಕ್ಷಣೆ ನಿಂತುಹೋಗತ್ತೆ, ಆಸಿಡ್ ಮಾತ್ರ ನಿಲ್ಲಲ್ಲ.

ಇನ್ನು ಜಠರದ ಒಳಗೋಡೆ ಎರಡು ಥರ ಇದೆ. ಕೆಳಗಿನ ಭಾಗದಲ್ಲಿ ಗ್ರಂಥಿಗಳಿವೆ, ಆಸಿಡ್ ಹುಟ್ಟೋದೂ ಅಲ್ಲೇ, ಅದನ್ನ ತಡ್ಕೊಳ್ಳೋಕೆ ಲೋಳೆ ಪದರ ಇರೋದೂ ಅಲ್ಲೇ. ಮೇಲಿನ ಸುಮಾರು ಮೂರನೇ ಒಂದು ಭಾಗ ಅನ್ನನಾಳದ ಒಳಗೋಡೆ ಥರಾನೇ ಇರತ್ತೆ, ಅದಕ್ಕೆ ಆ ಲೋಳೆ ಇಲ್ಲ. ಹೊಟ್ಟೆಯಲ್ಲಿ ಹುಲ್ಲು ಇದ್ರೆ ಅದು ಒಂದು ಚಾಪೆ ಥರ ಮೇಲೆ ನಿಂತ್ಕೊಳ್ಳತ್ತೆ, ಆಸಿಡ್ ಕೆಳಗೇ ಉಳಿಯತ್ತೆ. ಹೊಟ್ಟೆ ಖಾಲಿ ಇದ್ರೆ, ಅಥವಾ ಒಂದೇ ಸಲ ಜಾಸ್ತಿ ದಾಣಿ ಹಾಕಿದ್ರೆ, ಆ ಮೇಲಿನ ಗೋಡೆ ಸುಡತ್ತೆ. ದಾಣಿಯಲ್ಲಿರೋ ಪಿಷ್ಟ ಜಠರದಲ್ಲೇ ಹುದುಗಿ ಇನ್ನಷ್ಟು ಆಸಿಡ್ ಆಗತ್ತೆ, ಮೇಲಾಗಿ ದಾಣಿ ಬೇಗ ಮುಗಿದುಹೋಗತ್ತೆ. ಒಂದು ಕೆಜಿ ಒಣಹುಲ್ಲು ತಿನ್ನೋಕೆ ಕುದುರೆಗೆ ಸುಮಾರು 40 ನಿಮಿಷ ಬೇಕು, ಒಂದು ಕೆಜಿ ದಾಣಿಗೆ ಹತ್ತು ನಿಮಿಷದ ಆಸುಪಾಸು ಸಾಕು, ಜೊಲ್ಲೂ ಅದೇ ಲೆಕ್ಕದಲ್ಲಿ ಕಮ್ಮಿ.

ಈಗ ನಿಮ್ಮ ಕುದುರೆ ವಿಷಯ. ಬರೀ ಹೊಟ್ಟೆ ಪಟ್ಟಿ ಬಿಗಿಯುವಾಗ ಸಿಟ್ಟು ಮಾಡತ್ತೆ ಅನ್ನೋದ್ರಿಂದಲೇ ಹುಣ್ಣು ಅಂತ ಹೇಳೋಕಾಗಲ್ಲ, ಸ್ಯಾಡಲ್ ಸರಿಯಾಗಿ ಕೂರದೇ ಇದ್ರೂ, ಬೆನ್ನು ನೋವಿದ್ರೂ, ಕಾಲಲ್ಲಿ ಸಣ್ಣ ಕುಂಟಿದ್ರೂ ಹೀಗೇ ಮಾಡತ್ತೆ, ಆ ಕುಂಟು ನಮ್ಮ ಕಣ್ಣಿಗೆ ಕಾಣ್ದೇನೂ ಇರಬಹುದು. ಅದಕ್ಕೆ ಡಾಕ್ಟ್ರನ್ನ ಕರೆಸಿದಾಗ ಎರಡೂ ನೋಡೋಕೆ ಹೇಳಿ. ಹುಣ್ಣು ಇದೆಯಾ ಅಂತ ಖಚಿತ ಆಗೋದು ಗ್ಯಾಸ್ಟ್ರೋಸ್ಕೋಪಿಯಿಂದ ಮಾತ್ರ. ಸುಮಾರು ಮೂರು ಮೀಟರ್ ಉದ್ದದ ಕ್ಯಾಮೆರಾ ಪೈಪನ್ನ ಮೂಗಿಂದ ಇಳಿಸ್ತಾರೆ, ಸ್ವಲ್ಪ ಮಂಪರು ಕೊಡ್ತಾರೆ, ಅದಕ್ಕೆ ಮುಂಚೆ 12ರಿಂದ 16 ಗಂಟೆ ಮೇವು ನಿಲ್ಲಿಸಬೇಕು ಇಲ್ಲಾಂದ್ರೆ ಒಳಗೆ ಹುಲ್ಲೇ ಕಾಣತ್ತೆ. ರಕ್ತ ಪರೀಕ್ಷೆ, ಲದ್ದಿ ಪರೀಕ್ಷೆ ಅಂತ ಕೆಲವರು ಹೇಳ್ತಾರೆ, ಅದರಿಂದ ಹೌದು ಅಲ್ಲ ಎರಡೂ ಗೊತ್ತಾಗಲ್ಲ, ಆ ದುಡ್ಡನ್ನ ಸ್ಕೋಪ್‌ಗೆ ಉಳಿಸಿ. ಸ್ಕೋಪ್ ಆದಾಗ ಮೇಲಿನ ಭಾಗದಲ್ಲಿ ಹುಣ್ಣಿದೆಯಾ, ಕೆಳಗಿನ ಭಾಗದಲ್ಲಾ, ಎರಡರಲ್ಲೂನಾ ಅಂತ ಬರೆಸ್ಕೊಳ್ಳಿ. 2015ರಲ್ಲಿ ಯೂರೋಪಿನ ತಜ್ಞ ಪಶುವೈದ್ಯರು ಸೇರಿ ಇವೆರಡನ್ನೂ ಬೇರೆ ಬೇರೆ ಕಾಯಿಲೆ ಅಂತಲೇ ನೋಡಬೇಕು ಅಂತ ಹೇಳಿದಾರೆ, ಔಷಧಿ ಬೇರೆ, ಕಾರಣ ಬೇರೆ.

ಅಲ್ಲೀತನಕ ಜಂಪಿಂಗ್ ನಿಲ್ಲಿಸಿ, ದಾಣಿ ಕಮ್ಮಿ ಮಾಡಿ, ಹುಲ್ಲು ಯಾವಾಗಲೂ ಮುಂದೆ ಇರೋ ಹಾಗೆ ನೋಡ್ಕೊಳ್ಳಿ. ಕೋಚ್‌ಗೆ ಬೇಜಾರಾಗದ ಹಾಗೆ ಒಂದೇ ಮಾತು ಹೇಳಿ: ನೋವಿಲ್ಲ ಅಂತ ಡಾಕ್ಟ್ರು ಬರೆದುಕೊಟ್ಟ ಮೇಲೆ ನೀವು ಹೇಳಿದ ಹಾಗೆ ಕಲಿಸೋಣ ಸರ್, ಅಲ್ಲೀತನಕ ಚಾಟಿ ಬೇಡ.

ನಾನು ಲಾಯದಲ್ಲಿ ಕೆಲಸ ಮಾಡ್ತೀನಿ ಸರ್, ಕುದುರೆಗಳನ್ನ ನೋಡ್ಕೊಳ್ಳೋದು. ಸಂಜೆ ಏಳಕ್ಕೆ ಹುಲ್ಲು ಹಾಕ್ತೀವಿ, ಒಂಬತ್ತು ಹತ್ತಕ್ಕೆಲ್ಲಾ ಮುಗಿಸಿರತ್ತೆ. ಬೆಳಗ್ಗೆ ಐದಕ್ಕೆ ಟ್ರ್ಯಾಕ್‌ಗೆ ಕರ್ಕೊಂಡು ಹೋಗೋದು, ಬಂದಮೇಲೆ ದಾಣಿ. ಖಾಲಿ ಹೊಟ್ಟೇಲಿ ಓಡಿಸಿದ್ರೆ ಹಗುರಾಗಿ ಓಡತ್ತೆ ಅಂತ ದೊಡ್ಡೋರು ಹೇಳ್ತಾರೆ. ನಿಜಾನಾ? ನಾನು ಹೇಳಿದ್ರೆ ಯಾರೂ ಕೇಳಲ್ಲ, ನೀವು ಬರೆದ್ರೆ ತೋರಿಸ್ತೀನಿ.

ತಮ್ಮಾ, ನಿನ್ನ ಪತ್ರ ಓದಿ ನನಗೆ ತುಂಬಾ ಖುಷಿ ಆಯ್ತು, ಕುದುರೆ ರಾತ್ರಿ ಎಷ್ಟು ಹೊತ್ತಿಗೆ ಹುಲ್ಲು ಮುಗಿಸತ್ತೆ ಅನ್ನೋದು ನಿನಗೆ ಗೊತ್ತಿದೆ, ಎಷ್ಟೋ ಮಾಲೀಕರಿಗೆ ಅದು ಗೊತ್ತಿರಲ್ಲ. ಲೆಕ್ಕ ಹಾಕು: ಹತ್ತಕ್ಕೆ ಹುಲ್ಲು ಮುಗೀತು, ಐದಕ್ಕೆ ಓಟ, ಮಧ್ಯೆ ಏಳು ಗಂಟೆ. 2009ರಲ್ಲಿ ಡೆನ್ಮಾರ್ಕ್‌ನಲ್ಲಿ 201 ಕುದುರೆಗಳಿಗೆ ಸ್ಕೋಪ್ ಮಾಡಿ ಅವುಗಳ ಮೇವಿನ ಪದ್ಧತಿ ಜೊತೆ ಹೋಲಿಸಿ ನೋಡಿದ್ರು, ಒಂದು ಸಲ ಹುಲ್ಲು ಹಾಕಿ ಇನ್ನೊಂದು ಸಲ ಹಾಕೋ ತನಕ ಆರು ಗಂಟೆಗಿಂತ ಜಾಸ್ತಿ ಅಂತರ ಇದ್ದ ಕುದುರೆಗಳಲ್ಲಿ ಹುಣ್ಣಿನ ಅಪಾಯ ಜಾಸ್ತಿ ಕಂಡಿತು. ಲಾಯದಲ್ಲಿರೋ ಕುದುರೆಗಳ ಜಠರದಲ್ಲಿ ಆಸಿಡ್ ತೀಕ್ಷ್ಣ ಇರೋದು ಕೂಡ ಮಧ್ಯರಾತ್ರಿ ಕಳೆದಮೇಲೆ ಬೆಳಗಿನ ತನಕ, ಯಾಕಂದ್ರೆ ಆವಾಗ ಅವು ತಿನ್ನೋದು ಕಮ್ಮಿ. ನೀವು ಕರ್ಕೊಂಡು ಹೋಗ್ತಿರೋದು ಸರಿಯಾಗಿ ಆ ಹೊತ್ತಲ್ಲೇ.

ಓಡುವಾಗ ಏನಾಗತ್ತೆ ಅಂದ್ರೆ, ನಡಿಗೆ ಬಿಟ್ಟು ಟ್ರಾಟ್‌ಗೆ, ಅಂದ್ರೆ ಜಿಗಿಜಿಗಿ ಓಟಕ್ಕೆ, ಬಂದ ಕೂಡಲೇ ಕುದುರೆ ಹೊಟ್ಟೆ ಸ್ನಾಯುಗಳು ಬಿಗಿಯಾಗಿ ಜಠರವನ್ನ ಹಿಂಡತ್ತೆ, ಕೆಳಗಿರೋ ಆಸಿಡ್ ಮೇಲಿನ ರಕ್ಷಣೆ ಇಲ್ಲದ ಗೋಡೆಗೆ ಏರತ್ತೆ, ವೇಗ ಜಾಸ್ತಿ ಆದಷ್ಟೂ ಜಾಸ್ತಿ, ಓಟ ನಿಲ್ಲಿಸೋ ತನಕ ಅದು ಅಲ್ಲೇ ಇರತ್ತೆ. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಹಾಗೇ ಇದು. ಆದ್ರೆ ತುಂಬ್ಸೋದು ದಾಣಿಯಿಂದ ಅಲ್ಲ, ಮೇವಿಂದ, ಅದೂ ಹೊಟ್ಟೆ ಬಿರಿಯೋ ಹಾಗಲ್ಲ. ಓಟಕ್ಕೆ ಅರ್ಧ ಗಂಟೆ ಮುಂಚೆ ಎರಡು ಲೀಟರ್ ಅಳತೆಯಷ್ಟು ಕತ್ತರಿಸಿದ ಒಣಮೇವು ಹಾಕು, ಲೂಸರ್ನ್ (ಕುದುರೆ ಮಸಾಲೆ ಸೊಪ್ಪು) ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದರಲ್ಲಿರೋ ಕ್ಯಾಲ್ಸಿಯಂ ಮತ್ತೆ ಪ್ರೋಟೀನ್ ಆಸಿಡ್ ತಗ್ಗಿಸತ್ತೆ. ಇಷ್ಟು ಮೇವಿನ ತೂಕಕ್ಕೆ ಓಟ ನಿಧಾನ ಆಗಲ್ಲ. ದೊಡ್ಡೋರು ಹೇಳೋದ್ರಲ್ಲಿ ದಾಣಿ ತಿನ್ನಿಸಿ ತಕ್ಷಣ ಓಡಿಸಬಾರದು ಅನ್ನೋದು ಸರಿ ಇದೆ, ಅದನ್ನ ಹಿಡ್ಕೊಂಡು ಹುಲ್ಲನ್ನೂ ನಿಲ್ಲಿಸೋದು ತಪ್ಪು.

ರಾತ್ರಿಗೆ ಸಣ್ಣ ಕಣ್ಣಿನ ಹುಲ್ಲಿನ ಬಲೆ ಕಟ್ಟು, ಒಂದರ ಮೇಲೊಂದು ಎರಡು ಬಲೆ ಹಾಕಿದ್ರೂ ಆಗತ್ತೆ, ತಿನ್ನೋದು ನಿಧಾನ ಆಗಿ ಅದೇ ಹುಲ್ಲು ಇನ್ನೂ ಎರಡು ಮೂರು ಗಂಟೆ ಬರತ್ತೆ. ಕೊನೇ ಸಲ ಲಾಯ ನೋಡೋಕೆ ಯಾರು ಹೋಗ್ತಾರೋ ಅವರು ಒಂದು ಹಿಡಿ ಜಾಸ್ತಿ ಹಾಕಿ ಬರಲಿ. ಇದಕ್ಕೆ ಖರ್ಚು ಏನೂ ಇಲ್ಲ, ಮಾಲೀಕರಿಗೆ ಇದನ್ನೇ ಮೊದಲು ಹೇಳು.

ನಮ್ಮ ಡ್ರೆಸಾಜ್ (ಸವಾರನ ಸನ್ನೆಗೆ ತಕ್ಕ ಹಾಗೆ ನಡಿಗೆ ತೋರಿಸೋ ಸ್ಪರ್ಧೆ) ಕುದುರೆಗೆ ಹುಣ್ಣು ಅಂತ ಗೊತ್ತಾಗಿ ಆಸಿಡ್ ತಡೆಯೋ ಓಮೆಪ್ರಜೋಲ್ ಪೇಸ್ಟ್ 28 ದಿನ ಕೊಟ್ವಿ, ಅದ್ಭುತವಾಗಿ ಸರಿಹೋಯ್ತು. ನಿಲ್ಲಿಸಿ ಮೂರು ವಾರದಲ್ಲಿ ವಾಪಸ್ ಅದೇ ಕಥೆ. ಮತ್ತೆ ಕೊಟ್ವಿ, ಮತ್ತೆ ಬಂತು. ಈಗ ಪೇಸ್ಟ್ ಖರ್ಚು ತಡ್ಕೊಳ್ಳೋಕಾಗ್ತಿಲ್ಲ, ಮನುಷ್ಯರು ತಗೊಳ್ಳೋ ಓಮೆಪ್ರಜೋಲ್ ಕ್ಯಾಪ್ಸೂಲ್ ಒಡೆದು ದಾಣಿಗೆ ಹಾಕಬಹುದಾ? ಜೀವನಪೂರ್ತಿ ಕೊಡ್ಬೇಕಾ?

ಕ್ಯಾಪ್ಸೂಲ್ ವಿಷಯ ಮೊದಲು ಮುಗಿಸೋಣ. ಓಮೆಪ್ರಜೋಲ್‌ಗೆ ಆಸಿಡ್ ತಾಗಿದ್ರೆ ಅದೇ ಹಾಳಾಗಿಹೋಗತ್ತೆ, ಅದಕ್ಕೇ ಮನುಷ್ಯರ ಕ್ಯಾಪ್ಸೂಲ್ ಒಳಗಿನ ಸಣ್ಣ ಕಾಳುಗಳಿಗೆ ಪದರ ಹಚ್ಚಿರ್ತಾರೆ, ಕುದುರೆಗಳ ಪೇಸ್ಟ್‌ನಲ್ಲೂ ಅದಕ್ಕೆ ತಕ್ಕ ರಕ್ಷಣೆ ಇಟ್ಟಿರ್ತಾರೆ. ದಾಣಿಗೆ ಹಾಕಿದ್ರೆ ಕುದುರೆ ಅಗಿದು ಪದರ ಪುಡಿ ಮಾಡತ್ತೆ. ಇನ್ನು ಲೆಕ್ಕ ನೋಡಿ, ಚಿಕಿತ್ಸೆಯ ಪ್ರಮಾಣ ಒಂದು ಕೆಜಿ ತೂಕಕ್ಕೆ 4 ಮಿಲಿಗ್ರಾಂ, 500 ಕೆಜಿ ಕುದುರೆಗೆ ದಿನಕ್ಕೆ 2000 ಮಿಲಿಗ್ರಾಂ, 20 ಮಿಲಿಗ್ರಾಂ ಕ್ಯಾಪ್ಸೂಲ್ ಆದ್ರೆ ದಿನಕ್ಕೆ ನೂರು. ಆಗೋ ಮಾತಲ್ಲ ಅದು. ಪೇಸ್ಟ್ ಕೊಡೋವಾಗಲೂ ಬೆಳಗ್ಗೆ ಮೇವು ಹಾಕೋ ಮುಂಚೆ ಖಾಲಿ ಹೊಟ್ಟೆಗೆ ಕೊಟ್ಟು, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಮೇವು ಹಾಕಿ, ಮೇವಿನ ಜೊತೆ ಕೊಟ್ರೆ ಅದು ರಕ್ತಕ್ಕೆ ಸೇರೋದು ಕಮ್ಮಿ ಆಗತ್ತೆ. ಎಷ್ಟೋ ಮನೆಗಳಲ್ಲಿ ಔಷಧಿ ಕೆಲಸ ಮಾಡ್ಲಿಲ್ಲ ಅನ್ನೋದು ಇದರಿಂದಲೇ. ಇದಕ್ಕೋಸ್ಕರ ರಾತ್ರಿಯೆಲ್ಲಾ ಉಪವಾಸ ಕೆಡವೋದು ಬೇಡ, ಬೆಳಗಿನ ಜಾವ ಹೇಗೂ ಅದು ಕಮ್ಮಿ ತಿಂದಿರತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಇದನ್ನ ಸ್ವಲ್ಪ ಗಟ್ಟಿಯಾಗಿ ಹೇಳ್ಬೇಕು ಅನ್ನಿಸತ್ತೆ. ಓಮೆಪ್ರಜೋಲ್ ಮಾಡೋದು ಆಸಿಡ್ ಹುಟ್ಟೋದನ್ನ ತಡೆಯೋದು, ಗೋಡೆಗೆ ಮಾಯೋಕೆ ಸಮಯ ಕೊಡೋದು, ಅಷ್ಟೇ. ಮಾದಮೇಲೆ ಕುದುರೆ ಅದೇ ಲಾಯಕ್ಕೆ, ಅದೇ ದಿನಕ್ಕೆರಡು ಸಲದ ಊಟಕ್ಕೆ, ಅದೇ ವಾರಕ್ಕೆ ಆರು ದಿನದ ಕೆಲಸಕ್ಕೆ ವಾಪಸ್ ಹೋದ್ರೆ ಹುಣ್ಣು ಬರದೇ ಇರೋದಾದ್ರೂ ಹೇಗೆ? ನೀವು ಪತ್ರದಲ್ಲಿ ಪೇಸ್ಟ್ ಬ್ರ್ಯಾಂಡ್ ಬರೆದಿದೀರ, ಡೋಸ್ ಬರೆದಿದೀರ, ತಾರೀಖು ಬರೆದಿದೀರ, ಕುದುರೆ ಏನು ತಿನ್ನತ್ತೆ, ದಿನ ಹೇಗೆ ಕಳೆಯತ್ತೆ ಅನ್ನೋದು ಒಂದು ಸಾಲೂ ಇಲ್ಲ. ಈ ವಿಷಯದ ಮೇಲೆ ಬಂದ ಹೆಚ್ಚಿನ ಪತ್ರಗಳೂ ಹೀಗೇ ಇದ್ವು, ಅದಕ್ಕೇ ಇಷ್ಟು ಹೇಳ್ತಿರೋದು.

ಹುಲ್ಲಿಂದ ಶುರು ಮಾಡಿ. ದೇಹ ತೂಕದ ನೂರಕ್ಕೆ ಒಂದೂವರೆ ಭಾಗ ಒಣಮೇವು ಕಡಿಮೆ ಅಂದ್ರೂ ಬೇಕು, ಆ ಲೆಕ್ಕ ನೀರಂಶ ಬಿಟ್ಟಿದ್ದು, ಒಣಹುಲ್ಲಲ್ಲೂ ಸ್ವಲ್ಪ ನೀರಂಶ ಇರೋದ್ರಿಂದ 500 ಕೆಜಿ ಕುದುರೆಗೆ ದಿನಕ್ಕೆ ಎಂಟೂವರೆ ಒಂಬತ್ತು ಕೆಜಿ ಒಣಹುಲ್ಲು ಅಂತ ಇಟ್ಕೊಳ್ಳಿ, ತೂಕದ ಸಮಸ್ಯೆ ಇಲ್ಲದ ಕುದುರೆಗೆ ತಿನ್ನೋವಷ್ಟು ಹಾಕಿದ್ರೂ ನಡೆಯತ್ತೆ. ಕೈಯಲ್ಲಿ ಅಂದಾಜು ಮಾಡ್ಬೇಡಿ, ಒಂದು ಸಲ ತಕ್ಕಡಿಗೆ ಹಾಕಿ ತೂಗಿ ನೋಡಿ, ಅಂದಾಜಿಗೂ ನಿಜಕ್ಕೂ ಎಷ್ಟು ದೂರ ಅಂತ ಗೊತ್ತಾಗತ್ತೆ. ಬರೀ ಒಣ ದಂಟು, ತೆನೆ ಬಡಿದಮೇಲೆ ಉಳಿದ ಹುಲ್ಲು, ಇಂಥದ್ದೊಂದೇ ಮೇವಾಗಿ ಹಾಕಿದ್ರೂ ಹುಣ್ಣಿನ ಅಪಾಯ ಜಾಸ್ತಿ ಆಗತ್ತೆ ಅಂತ ಮೇಲೆ ಹೇಳಿದ ಡೆನ್ಮಾರ್ಕ್ ಅಧ್ಯಯನದಲ್ಲೇ ಕಂಡಿದೆ, ಬಯಲಲ್ಲಿ ಬಿಟ್ಟಾಗ ಕುಡಿಯೋಕೆ ನೀರು ಇಲ್ಲದಿದ್ರೂ ಅಷ್ಟೇ.

ದಾಣಿಯಲ್ಲಿ ಪಿಷ್ಟ ಎಷ್ಟಿದೆ ಅಂತ ನೋಡಿ. ಒಂದು ಕೆಜಿ ದೇಹ ತೂಕಕ್ಕೆ ಒಂದು ಊಟಕ್ಕೆ 1 ಗ್ರಾಂ, ಇಡೀ ದಿನಕ್ಕೆ 2 ಗ್ರಾಂ, ಇದರ ಮೇಲೆ ಹೋದ್ರೆ ಅಪಾಯ. ಅಂದ್ರೆ 500 ಕೆಜಿ ಕುದುರೆಗೆ ಒಂದು ಸಲಕ್ಕೆ ಅರ್ಧ ಕೆಜಿ ಪಿಷ್ಟ, ಓಟ್ಸ್ ಆದ್ರೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ, ಬಾರ್ಲಿ ಮೆಕ್ಕೆಜೋಳದಲ್ಲಿ ಪಿಷ್ಟ ಇನ್ನೂ ಜಾಸ್ತಿ ಇರೋದ್ರಿಂದ ಅದಕ್ಕಿಂತ ಕಮ್ಮಿ. ಶಕ್ತಿ ಸಾಲಲ್ಲ ಅಂತ ಹೆದರೋರು ಅಡುಗೆ ಎಣ್ಣೆಯನ್ನ ನಿಧಾನಕ್ಕೆ ಅಭ್ಯಾಸ ಮಾಡಿಸಬಹುದು, ಬೀಟ್ ಪಲ್ಪ್ (ಸಕ್ಕರೆ ಬೀಟ್‌ನಿಂದ ಸಕ್ಕರೆ ತೆಗೆದಮೇಲೆ ಉಳಿಯೋ ತಿರುಳು) ನೆನೆಸಿ ಕೊಡಬಹುದು. ಯಾವುದನ್ನೂ ಒಂದೇ ದಿನದಲ್ಲಿ ಬದಲಾಯಿಸ್ಬೇಡಿ, ಎರಡು ವಾರ ತಗೊಳ್ಳಿ, ಇಲ್ಲಾಂದ್ರೆ ಹುಣ್ಣು ಸರಿ ಮಾಡೋಕೆ ಹೋಗಿ ಕಾಲಿಕ್, ಅಂದ್ರೆ ಹೊಟ್ಟೆ ಶೂಲೆ, ತಂದ್ಕೊಳ್ತೀರ.

ಮತ್ತೆ, ಎರಡನೇ ಸಲ ಶುರು ಮಾಡೋ ಮುಂಚೆ ಸ್ಕೋಪ್ ಮಾಡಿಸಿದ್ರಾ? 28 ದಿನ ಆದಮೇಲೆ ನಿಲ್ಲಿಸೋ ಮುಂಚೆ ಸ್ಕೋಪ್ ಮಾಡಿಸಿ ಮಾದಿದೆಯಾ ಅಂತ ನೋಡ್ಬೇಕು, ಕ್ಯಾಲೆಂಡರ್ ನೋಡಿ ನಿಲ್ಲಿಸೋದಲ್ಲ. ಮೇಲಿನ ಭಾಗದ ಹುಣ್ಣು ಓಮೆಪ್ರಜೋಲ್‌ಗೆ ಚೆನ್ನಾಗಿ ಬಗ್ಗತ್ತೆ, ಹೆಚ್ಚಿನವು ಒಂದು ತಿಂಗಳಲ್ಲಿ ಮಾಯತ್ತೆ. ಕೆಳಗಿನ ಭಾಗದ್ದು ಹಾಗಲ್ಲ, ಬಾಯಿಂದ ಕೊಡೋ ಓಮೆಪ್ರಜೋಲ್ ಒಂದರಿಂದಲೇ ನಾಲ್ಕರಲ್ಲಿ ಒಂದರಷ್ಟು ಮಾತ್ರ ಮಾಯತ್ತೆ, ಅದಕ್ಕೆ ಸುಕ್ರಾಲ್ಫೇಟ್ ಸೇರಿಸ್ತಾರೆ ಅಥವಾ ಮಿಸೋಪ್ರೋಸ್ಟಾಲ್ ಕೊಡ್ತಾರೆ. ಈ ಮಿಸೋಪ್ರೋಸ್ಟಾಲನ್ನ ಗರ್ಭಿಣಿಯರು ಕೈಯಲ್ಲಿ ಮುಟ್ಟಲೇಬಾರದು, ಲಾಯದಲ್ಲಿ ಎಲ್ಲರಿಗೂ ಹೇಳಿಡಿ, ಬರೀ ಮನೆಯವರಿಗಲ್ಲ. ನಿಮ್ಮ ಕುದುರೆದು ಕೆಳಗಿನ ಹುಣ್ಣಾಗಿದ್ರೆ ಅದು ವಾಪಸ್ ಬಂದಿದ್ದಲ್ಲ, ಮೊದಲ ಸಲವೂ ಪೂರ್ತಿ ಹೋಗಿರಲೇ ಇಲ್ಲ ಅನ್ನೋ ಸಾಧ್ಯತೆ ಇದೆ.

ನಿಲ್ಲಿಸಿದ ಮೊದಲ ಕೆಲವು ದಿನ ಆಸಿಡ್ ಮಾಮೂಲಿಗಿಂತ ಜಾಸ್ತಿ ಬರಬಹುದು, ಆ ವಾರ ಸ್ಪರ್ಧೆ, ಪ್ರಯಾಣ, ಹೊಸ ಲಾಯ ಯಾವುದೂ ಇಟ್ಕೊಳ್ಬೇಡಿ. ಜೀವನಪೂರ್ತಿ ಕೊಡ್ಬೇಕಾ ಅಂದ್ರೆ, ಬೇಡ. ಮೇವು ಮತ್ತೆ ಕೆಲಸದ ವೇಳೆ ಸರಿ ಮಾಡಿದಮೇಲೂ ದೊಡ್ಡ ಸ್ಪರ್ಧೆ, ದೂರ ಪ್ರಯಾಣದ ದಿನಗಳಿಗೆ ಮಾತ್ರ ಕಡಿಮೆ ಡೋಸ್‌ನಲ್ಲಿ, ಒಂದು ಕೆಜಿಗೆ 1 ಮಿಲಿಗ್ರಾಂನಂತೆ, ತಡೆಗಟ್ಟೋಕೆ ಕೊಡೋ ಪದ್ಧತಿ ಇದೆ, ಅದನ್ನ ನಿಮ್ಮ ಡಾಕ್ಟ್ರ ಹತ್ರ ಮಾತಾಡಿ.

ಮನುಷ್ಯರಿಗೆ ಅಲ್ಸರ್ ಬರೋದು ಬ್ಯಾಕ್ಟೀರಿಯಾದಿಂದ ಅಂತ ಓದಿದೀನಿ. ಕುದುರೆಗೂ ಆಂಟಿಬಯಾಟಿಕ್ ಕೊಟ್ಟು ಮುಗಿಸಬಹುದಲ್ಲಾ? ಪಕ್ಕದ ಕುದುರೆಗೆ ಹರಡತ್ತಾ?

ಹರಡಲ್ಲ. ಮನುಷ್ಯರ ಹೊಟ್ಟೆ ಹುಣ್ಣಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಪಾತ್ರ ಕಂಡುಹಿಡಿದಿದ್ದಕ್ಕೆ ಬ್ಯಾರಿ ಮಾರ್ಷಲ್ ಮತ್ತೆ ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು, ಅದು ನಿಜ. ಕುದುರೆಯಲ್ಲಿ ಅಂಥದ್ದೊಂದು ಬ್ಯಾಕ್ಟೀರಿಯಾವೇ ಹುಣ್ಣಿಗೆ ಮೂಲ ಅಂತ ಸಾಬೀತಾಗಿಲ್ಲ. ಸುಮ್ಮನೆ ಆಂಟಿಬಯಾಟಿಕ್ ಹಾಕಿದ್ರೆ ಅದರ ದೊಡ್ಡ ಕರುಳಲ್ಲಿ ನಾರು ಜೀರ್ಣ ಮಾಡೋ ಒಳ್ಳೇ ಜೀವಿಗಳು ಸತ್ತು ಭೇದಿ ಹತ್ತಬಹುದು, ಕುದುರೆಗೆ ಭೇದಿ ಜೀವಕ್ಕೆ ಬರೋ ವಿಷಯ. ಪಕ್ಕದ ಕುದುರೆಗೂ ಹುಣ್ಣು ಇದೆ ಅಂದ್ರೆ ಅದು ಅಂಟಿದ್ದಲ್ಲ, ಎರಡೂ ಒಂದೇ ಥರ ಬದುಕ್ತಿವೆ ಅಂತ. ಸೋಡಾ ಪುಡಿ, ಆಂಟಾಸಿಡ್ ಸಿರಪ್ ಬಗ್ಗೆನೂ ಇಬ್ಬರು ಕೇಳಿದಾರೆ, ಅದರ ಪರಿಣಾಮ ಒಂದೆರಡು ಗಂಟೆ ಇರತ್ತೆ ಅಷ್ಟೇ, ಹುಣ್ಣು ಮಾಯೋಕೆ ಅದು ಸಾಲಲ್ಲ.

ನಾನು ಎಂಡ್ಯೂರೆನ್ಸ್, ಅಂದ್ರೆ ದೂರದ ಓಟದ ಸ್ಪರ್ಧೆ, ಓಡಿಸ್ತೀನಿ. ಅದರಲ್ಲಿ ಪ್ರತಿ ವೆಟ್ ಗೇಟ್‌ನಲ್ಲೂ (ದಾರಿ ಮಧ್ಯೆ ಡಾಕ್ಟ್ರು ಕುದುರೆ ಪರೀಕ್ಷೆ ಮಾಡೋ ಜಾಗ) ಎಲೆಕ್ಟ್ರೋಲೈಟ್ ಪೇಸ್ಟ್ ಬಾಯಿಗೆ ಹಿಂಡ್ತೀವಿ, ಬೆವರಲ್ಲಿ ಹೋದ ಉಪ್ಪು ತುಂಬಿಸ್ಬೇಕಲ್ಲ. ಆಮೇಲೆ ಕುದುರೆ ತಿನ್ನೋದೇ ಬಿಡತ್ತೆ, ತುಟಿ ಮೇಲೆತ್ಕೊಂಡು ನಿಲ್ಲತ್ತೆ. ಇದಕ್ಕೂ ಹುಣ್ಣಿಗೂ ಸಂಬಂಧ ಇದೆಯಾ?

ಇದೆ. ಗಾಢ ಉಪ್ಪಿನ ಪೇಸ್ಟನ್ನ ಖಾಲಿ ಹೊಟ್ಟೆಗೆ ಗಂಟೆಗೊಂದು ಸಲ ಹಾಗೆ ಮತ್ತೆ ಮತ್ತೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಹುಣ್ಣುಗಳು ಜಾಸ್ತಿ ಆದವು. ಮೊದಲೇ ಕೆಂಪಾಗಿರೋ ಗೋಡೆ ಮೇಲೆ ಉಪ್ಪು ಬಿದ್ರೆ ಏನಾಗತ್ತೆ ಅಂತ ನಿಮಗೇ ಗೊತ್ತು, ತುಟಿ ಎತ್ತೋದು ಆ ಉರಿಗೇ ಇರಬಹುದು. ಎಂಡ್ಯೂರೆನ್ಸ್ ಕುದುರೆಗಳದ್ದು ಮೊದಲೇ ಕಷ್ಟದ ಲೆಕ್ಕ, ಉನ್ನತ ಮಟ್ಟದ ಕುದುರೆಗಳನ್ನ ನೋಡಿದ ಒಂದು ಅಧ್ಯಯನದಲ್ಲಿ ಸ್ಪರ್ಧೆ ಇಲ್ಲದ ಕಾಲದಲ್ಲಿ ನೂರಕ್ಕೆ 48ರಲ್ಲಿ ಹುಣ್ಣಿತ್ತು, ಸ್ಪರ್ಧೆ ಕಾಲದಲ್ಲಿ ಅದು ನೂರಕ್ಕೆ 93 ಆಯ್ತು.

ಉಪ್ಪು ಬೇಕೇ ಬೇಕು, ನಿಲ್ಲಿಸ್ಬೇಡಿ, ಬೆವರಲ್ಲಿ ಹೋದದ್ದು ತುಂಬದೇ ಇದ್ರೆ ಬೇರೆ ದೊಡ್ಡ ಅಪಾಯಗಳಿವೆ. ಆದ್ರೆ ಕೊಡೋ ಕ್ರಮ ಬದಲಾಯಿಸಿ. ವೆಟ್ ಗೇಟ್‌ಗೆ ಬಂದ ತಕ್ಷಣ ನೀರು, ಆಮೇಲೆ ನೆನೆಸಿದ ಮೇವು, ನಾಲ್ಕು ಬಾಯಿ ತಿಂದಮೇಲೆ ಎಲೆಕ್ಟ್ರೋಲೈಟ್, ಅದೂ ಒಂದೇ ಸಲ ದೊಡ್ಡ ಡೋಸ್ ಬದಲು ಚಿಕ್ಕ ಚಿಕ್ಕದಾಗಿ ನೆನೆಸಿದ ಮೇವಲ್ಲೇ ಕಲಸಿ. ಬರೀ ಪೇಸ್ಟ್ ಕೊಡೋದಾದ್ರೆ ಹಿಂದೆಯೇ ನೀರು ಕುಡಿಯೋ ಹಾಗೆ ನೋಡ್ಕೊಳ್ಳಿ. ಮನೆಯಲ್ಲಿ ಟ್ರೈನಿಂಗ್ ದಿನಗಳಲ್ಲೇ ಈ ಕಲಸಿದ ಮೇವಿನ ರುಚಿ ಅಭ್ಯಾಸ ಮಾಡಿಸಿ, ಸ್ಪರ್ಧೆ ದಿನ ಹೊಸ ರುಚಿ ಕಂಡ್ರೆ ಮೂಸಿ ನೋಡಿ ಮುಖ ತಿರುಗಿಸತ್ತೆ. ದಾರಿಯಲ್ಲಿ ಹಸಿರು ಕಂಡು ಬಾಯಿ ಹಾಕಿದ್ರೆ ಲಗಾಮು ಎಳೀಬೇಡಿ, ಎರಡು ನಿಮಿಷ ಬಿಡಿ, ಆ ಎರಡು ನಿಮಿಷದ ಜೊಲ್ಲು ಆ ಹೊತ್ತಲ್ಲಿ ತುಂಬಾ ಬೆಲೆ ಬಾಳತ್ತೆ.

ಹುಣ್ಣಿಗೆ ಸ್ಟ್ರೆಸ್ಸೂ ಕಾರಣ ಅಂತಾರೆ, ಕುದುರೆಗೆ ಏನು ಸ್ಟ್ರೆಸ್ ಡಾಕ್ಟ್ರೇ? ಫ್ಯಾನ್ ಇದೆ, ಒಳ್ಳೇ ಹಾಸು ಇದೆ, ದಿನಾ ಮೈ ಉಜ್ಜುತಾರೆ, ಯಾವ ಕೊರತೆನೂ ಮಾಡಿಲ್ಲ. ಆದ್ರೂ ಸ್ಪರ್ಧೆಗೆ ಹೋಗಿ ಬಂದ ಪ್ರತಿ ಸಲವೂ ಹೊಟ್ಟೆ ಕೆಡಿಸ್ಕೊಳ್ಳತ್ತೆ.

ನೀವು ಪ್ರೀತಿಯಿಂದ ನೋಡ್ಕೊಳ್ತಿದೀರ ಅಂತ ಪತ್ರದಲ್ಲೇ ಗೊತ್ತಾಗತ್ತೆ, ಅದರಲ್ಲಿ ನನಗೆ ಸಂಶಯ ಇಲ್ಲ. ಆದ್ರೆ ನೀವು ಬರೆದ ಅನುಕೂಲಗಳೆಲ್ಲಾ ನಮ್ಮ ಕಣ್ಣಿಂದ ನೋಡಿದ ಅನುಕೂಲ. ಕುದುರೆ ಹಿಂಡಲ್ಲಿ ಬದುಕೋ ಪ್ರಾಣಿ, ಬೇಟೆಗೆ ಸಿಗದ ಹಾಗೆ ಓಡಿ ಉಳ್ಕೊಂಡಿರೋ ಪ್ರಾಣಿ, ಅದಕ್ಕೆ ಬೇಕಾಗಿರೋದು ಪಕ್ಕದಲ್ಲಿ ಇನ್ನೊಂದು ಕುದುರೆ, ಕಾಲು ಬೀಸಿ ನಡೆಯೋಕೆ ಜಾಗ, ಬಾಯಾಡಿಸೋಕೆ ಹುಲ್ಲು, ನಾಳೆಯೂ ಇವತ್ತಿನ ಹಾಗೇ ಇರತ್ತೆ ಅನ್ನೋ ಭರವಸೆ. ನಾಲ್ಕು ಗೋಡೆ ಮಧ್ಯೆ ಇಪ್ಪತ್ತೆರಡು ಗಂಟೆ ನಿಲ್ಲಿಸಿದ್ರೆ ಹಾಸು ಎಷ್ಟು ಮೆತ್ತಗಿದ್ರೂ ಅದಕ್ಕೆ ಅದು ಬಂಧನ.

ಸ್ಪರ್ಧೆ ಅಂದ್ರೆ ಈ ಭರವಸೆ ಎಲ್ಲವೂ ಒಂದೇ ಸಲ ಹೋಗತ್ತೆ. ಗಾಡಿ ಹತ್ತಿಸ್ತೀವಿ, ಹೊಸ ಲಾಯ, ಗೊತ್ತಿಲ್ಲದ ಕುದುರೆಗಳು, ಮೈಕ್ ಸದ್ದು, ನೀರಿನ ರುಚಿ ಬೇರೆ, ತಿನ್ನೋ ಹೊತ್ತು ಬೇರೆ. 2005ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು, ಹುಣ್ಣಿಲ್ಲದ ಕುದುರೆಗಳನ್ನ ಸ್ಪರ್ಧೆಗೆ ಕರ್ಕೊಂಡು ಹೋಗೋ ಥರಾನೇ ಗಾಡಿಯಲ್ಲಿ ಒಯ್ದು, ಬೇರೆ ಲಾಯದಲ್ಲಿ ಕಟ್ಟಿ, ಸ್ವಲ್ಪ ಕೆಲಸ ಮಾಡಿಸಿ ವಾಪಸ್ ತಂದ್ರು, ಒಟ್ಟು ಐದೇ ದಿನ, ಅಷ್ಟರಲ್ಲೇ ಅವುಗಳಲ್ಲಿ ಹೆಚ್ಚಿನವಕ್ಕೆ ಹುಣ್ಣು ಬಂದಿತ್ತು. ಇದನ್ನ ಓದಿದಾಗಿಂದ ಎರಡು ದಿನದ ಸ್ಪರ್ಧೆ ತಾನೇ ಅನ್ನೋ ಮಾತನ್ನ ನಾನು ಸುಲಭವಾಗಿ ಒಪ್ಪಲ್ಲ.

ಹೋಗ್ಲೇಬೇಡಿ ಅಂತ ಹೇಳ್ತಿಲ್ಲ. ಜೊತೆಗಾರ ಕುದುರೆ ಇದ್ರೆ ಅದನ್ನೂ ಅದೇ ಗಾಡಿಯಲ್ಲಿ ಹತ್ತಿಸಿ, ಮನೆಯ ಹುಲ್ಲನ್ನೇ ಹೊತ್ಕೊಂಡು ಹೋಗಿ, ಗಾಡಿಯಲ್ಲಿ ಬಲೆ ಕಟ್ಟಿ, ನಾಲ್ಕು ಗಂಟೆಗೊಮ್ಮೆಯಾದ್ರೂ ನಿಲ್ಲಿಸಿ ನೀರು ತೋರಿಸಿ, ತಲೆ ಕೆಳಗೆ ಬಿಡೋಕೆ ಅವಕಾಶ ಕೊಡಿ. ಅಲ್ಲಿ ಹೋದಮೇಲೆ ಸಂಜೆ ಕೈಯಲ್ಲಿ ಹಿಡ್ಕೊಂಡು ಹುಲ್ಲು ಮೇಯಿಸಿ, ಸವಾರರೇ ಹೋಗಿ ಮೇಯಿಸಿದ್ರೆ ಇನ್ನೂ ಒಳ್ಳೇದು, ಗುರುತಿರೋ ವಾಸನೆ ಅದಕ್ಕೆ ಧೈರ್ಯ. ಮನೆಯಲ್ಲಿ ವಾರಕ್ಕೆ ಎರಡು ದಿನ ಕೆಲಸ ಬೇಡ, ಲಾಯದಲ್ಲಿ ಕಟ್ಟಿಹಾಕೋ ರಜೆ ಅಲ್ಲ, ಹೊರಗೆ ಬಿಡೋ ರಜೆ. ಕೆಳಗಿನ ಭಾಗದ ಹುಣ್ಣಿಗೆ ವಾರಕ್ಕೆ ಎಷ್ಟು ದಿನ ಕೆಲಸ ಮಾಡಿಸ್ತೀವಿ ಅನ್ನೋದಕ್ಕೂ, ಎಷ್ಟು ಬೇರೆ ಬೇರೆ ಜನ ಅದನ್ನ ನೋಡ್ಕೊಳ್ತಾರೆ ಅನ್ನೋದಕ್ಕೂ ಸಂಬಂಧ ಕಂಡಿದೆ, ಹಾಗಾಗಿ ತಿಂಗಳಿಗೊಬ್ಬ ಸವಾರ, ವಾರಕ್ಕೊಬ್ಬ ಗ್ರೂಮ್ (ಕುದುರೆ ನೋಡ್ಕೊಳ್ಳೋ ಕೆಲಸದವ) ಅನ್ನೋ ಹಾಗೆ ಮಾಡ್ಬೇಡಿ. ಇನ್ನೊಂದು ವಿಷಯ, ಬಯಲಿಗೆ ಬಿಟ್ಟ ಮಾತ್ರಕ್ಕೆ ಹುಣ್ಣು ಬರೋದೇ ಇಲ್ಲ ಅಂತ ಅಲ್ಲ, ಬಯಲಲ್ಲಿರೋ ಕುದುರೆಗಳಲ್ಲೂ ಕಂಡಿದೆ. ಒಂಟಿಯಾಗಿ, ನೀರಿಲ್ಲದೆ, ಹುಲ್ಲಿಲ್ಲದ ಮಣ್ಣಲ್ಲಿ ಬಿಟ್ರೆ ಅದೂ ಲಾಯವೇ.

ಕಾಲು ನೋವಿಗೆ ಬ್ಯೂಟ್ ಕೊಡ್ತಿದೀವಿ, ಹೊಟ್ಟೆ ಕೆಡದಿರಲಿ ಅಂತ ಜೊತೆಗೆ ಓಮೆಪ್ರಜೋಲ್ ಹಾಕ್ತಿದೀವಿ. ಸರಿ ತಾನೇ? ಮುಂದಿನ ತಿಂಗಳು ಸ್ಪರ್ಧೆ ಇದೆ, ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಹಾಕ್ಕೊಳ್ತೀವಾ?

ಬ್ಯೂಟ್, ಅಂದ್ರೆ ಫಿನೈಲ್‌ಬ್ಯೂಟಜೋನ್ ಅನ್ನೋ ನೋವಿನ ಔಷಧಿ, ಜಾಸ್ತಿ ಡೋಸ್ ಅಥವಾ ಜಾಸ್ತಿ ದಿನ ಕೊಟ್ರೆ ಜಠರದ ಕೆಳಗಿನ ಗೋಡೆಗೂ ದೊಡ್ಡ ಕರುಳಿಗೂ ಕೆಡುಕು ಮಾಡತ್ತೆ. ಓಮೆಪ್ರಜೋಲ್ ಜೊತೆಗೆ ಕೊಟ್ರೆ ಜಠರ ಉಳ್ಕೊಳ್ಳತ್ತೆ ನಿಜ, ಆದ್ರೆ ಎರಡೂ ಒಟ್ಟಿಗೆ ಕೊಟ್ಟ ಕುದುರೆಗಳಲ್ಲಿ ಕರುಳಿನ ತೊಂದರೆ ಜಾಸ್ತಿ ಕಂಡಿರೋದ್ರಿಂದ ಸುಮ್ಮನೆ ಮುನ್ನೆಚ್ಚರಿಕೆಗೆ ಅಂತ ಸೇರಿಸೋದನ್ನ ನಾನು ಹೇಳಲ್ಲ. ಹೊಟ್ಟೆ ನೋವು, ಲದ್ದಿ ತೆಳ್ಳಗಾಗೋದು, ತಿನ್ನೋದು ಬಿಡೋದು ಏನಾದ್ರೂ ಕಂಡ್ರೆ ಎರಡನ್ನೂ ಅಲ್ಲಿಗೇ ನಿಲ್ಲಿಸಿ ಡಾಕ್ಟ್ರಿಗೆ ಫೋನ್ ಮಾಡಿ.

ಟೆಸ್ಟ್ ವಿಷಯದಲ್ಲಿ, ಅಂತಾರಾಷ್ಟ್ರೀಯ ಅಶ್ವಕ್ರೀಡಾ ಸಂಸ್ಥೆ ಎಫ್‌ಇಐ ನಿಯಮದಲ್ಲಿ ಓಮೆಪ್ರಜೋಲ್ ನಿಷೇಧ ಇಲ್ಲ, ರೇಸಿಂಗ್‌ನಲ್ಲಿ ಹೆಚ್ಚಿನ ಕಡೆ ಓಟದ ದಿನಕ್ಕೆ ಮುಂಚೆಯೇ ನಿಲ್ಲಿಸಿರಬೇಕು. ಬ್ಯೂಟ್ ಮಾತ್ರ ಎರಡೂ ಕಡೆ ಸ್ಪರ್ಧೆ ಹೊತ್ತಿಗೆ ಮೈಯಲ್ಲಿರಬಾರದು. ಅದಕ್ಕಿಂತ ಮೊದಲಿನ ಪ್ರಶ್ನೆ, ಬ್ಯೂಟ್ ಬೇಕಾಗುವಷ್ಟು ಕಾಲು ನೋವಿರೋ ಕುದುರೆಯನ್ನ ಮುಂದಿನ ತಿಂಗಳ ಸ್ಪರ್ಧೆಗೆ ಯಾಕೆ ಹಾಕಿದೀರ? ದಯವಿಟ್ಟು ಹೆಸರು ವಾಪಸ್ ತಗೊಳ್ಳಿ, ಕಾಲು ಮತ್ತೆ ಹೊಟ್ಟೆ ಎರಡನ್ನೂ ತೋರಿಸಿ, ರಿಪೋರ್ಟ್ ಬಂದಮೇಲೆ ಬರೀರಿ, ಮುಂದಿನ ಸಂಚಿಕೆಯಲ್ಲಿ ನಿಮ್ಮದನ್ನೇ ಮೊದಲು ತಗೊಳ್ತೀನಿ.